ಸುತ್ತಿಗೆ ಸದ್ದಿನ ಕೊಡ

ನಮ್ಮೂರಲ್ಲಿ ಪಾತ್ರೆ ಕೊಳ್ಳಲು ಹೋದ ಹೆಂಗಸರು ಅಂಗಡಿಯ ಮೆಟ್ಟಿಲಲ್ಲೇ ಬಲಗಿವಿಯ ಓಲೆ ಬಿಚ್ಚಿ ಜೊತೆಗೆ ಬಂದವರ ಕೈಗೆ ಕೊಡುತ್ತಾರೆ. ಗಂಡಸರು ಕಿವಿಯ ಮೇಲೆ ಸಿಕ್ಕಿಸಿಕೊಂಡ ಬೀಡಿಯನ್ನೋ ಪೆನ್ಸಿಲನ್ನೋ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ತಟ್ಟೆಯಾದರೆ ತಟ್ಟೆ, ತಂಬಿಗೆಯಾದರೆ ತಂಬಿಗೆ, ಎತ್ತಿ ಕಿವಿಗೆ ಹಿಡಿಯುವುದು. ಅದರ ಮೇಲೆ ಮೊತ್ತಮೊದಲು ಯಾರು ಏನು ಬೆಲೆ ಹೇಳಿದ್ದರೋ ಅದನ್ನು ಅವರದೇ ದನಿಯಲ್ಲಿ ಅದು ಮೆಲ್ಲಗೆ ಹೇಳುತ್ತದೆ. ಎಷ್ಟು ಸಲ ಕೇಳಿದರೂ ಅದೊಂದೇ ಮಾತು. ಚೌಕಾಸಿ ಅಲ್ಲಿಂದ ಶುರು.

ನಮ್ಮ ಮನೆಯ ಹಿತ್ತಾಳೆ ಸೌಟು ಇವತ್ತಿಗೂ 'ಆರಾಣೆ ತಾಯೀ' ಅನ್ನುತ್ತದೆ. ಹಾಗೆ ಅಂದವನು ಹೋಗಿ ಅರವತ್ತು ವರ್ಷವಾಗಿರಬೇಕು, ಅಮ್ಮ ಅದರಲ್ಲೇ ಸಾರು ಬಡಿಸುತ್ತಾಳೆ. ಶಾಲೆಯ ಗಂಟೆಗೆ ಕಿವಿಗೊಟ್ಟರೆ 'ದುಡ್ಡು ಬೇಡಿ ಮೇಷ್ಟ್ರೇ, ಇಟ್ಕೊಳ್ಳಿ' ಅನ್ನುತ್ತದೆ. ಗಂಟೆ ಕೊಟ್ಟ ಪುಣ್ಯಾತ್ಮ ಯಾರೆಂದು ಯಾರಿಗೂ ಗೊತ್ತಿಲ್ಲ, ದನಿ ಮಾತ್ರ ಉಳಿದಿದೆ. ಹೊಸ ಸರಕು ಬಂದಾಗ ಅಂಗಡಿಯವರು ಕಟ್ಟು ಬಿಚ್ಚಿ ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆಲೆ ಹೇಳುತ್ತಾರಲ್ಲ, ಅದಕ್ಕೆ ನಾವು 'ದನಿ ಹಾಕೋದು' ಅನ್ನುತ್ತೇವೆ. ಮದುವೆಗಳ ಕಾಲದಲ್ಲಿ ಪೇಟೆಬೀದಿಯ ಅಂಗಡಿಯವರೆಲ್ಲ ಶುಂಠಿ ಕಷಾಯ ಕುಡಿದೇ ಬಾಗಿಲು ತೆಗೆಯುವುದು.

ನಾನು ವೇಣಿ. ಬಿ.ಎ. ಮಾಡಿದ್ದೇನೆ. ಮೂರು ವರ್ಷದಲ್ಲಿ ಪುಸ್ತಕದಿಂದ ಕಲಿತದ್ದಕ್ಕಿಂತ ಪ್ರಿನ್ಸಿಪಾಲರ ಗಂಟಲಿನಿಂದ ಕಲಿತದ್ದೇ ಹೆಚ್ಚು. ಅವರ ದನಿಯಲ್ಲಿ ಒಮ್ಮೆ ಫೋನಿನಲ್ಲಿ ಕಾಲೇಜಿಗೆ ರಜೆ ಘೋಷಿಸಿದ್ದೆ. ರಜೆ ಸಿಕ್ಕಿತು, ನನಗೆ ಮಾತ್ರ ಮೂರು ದಿನ ಹೆಚ್ಚು ಸಿಕ್ಕಿತು. ಈಗ ಮದುವೆಮನೆಗಳಲ್ಲಿ, ಸಂಘದ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಕಂಡಕ್ಟರು, ಪುರೋಹಿತರು, ಸ್ಟಾರ್ಟ್ ಆಗದ ಸ್ಕೂಟರು, ಎಲ್ಲವೂ ಬರುತ್ತದೆ. ನಾಲಿಗೆ ಸುಮ್ಮನಿರುವುದಿಲ್ಲ. 'ದರ ಕಡಿತ' ಎಂಬ ಬೋರ್ಡು ಕಂಡರೆ 'ನಾಯಿ ಕಡಿತಕ್ಕೆ ಹದಿನಾಲ್ಕು ಸೂಜಿ, ದರ ಕಡಿತಕ್ಕೆ ಎಷ್ಟು?' ಅಂತ ಕೇಳಿಬಿಡುತ್ತೇನೆ. ರಿಯಾಯಿತಿ ಎಂಬ ಪದಕ್ಕೆ ನನ್ನದೇ ಅರ್ಥವಿದೆ: ಗಂಡನ ಜೇಬು ಪೂರ್ತಿ ಖಾಲಿಯಾದ ಮೇಲೆ ಹೆಂಡತಿ ಅಂಗಡಿಯಿಂದ ಹೊರಗೆ ಬಂದು 'ರೀ, ಆಯಿತು' ಅನ್ನುವುದು.

ನನ್ನ ಮೆಚ್ಚಿನ ಐಟಂ ಪಕ್ಕದ ಮನೆಯ ಮಂಗಳಜ್ಜಿಯ ಕುಕ್ಕರು. ಹಿತ್ತಿಲ ಗೋಡೆಯ ಈಚೆ ನಿಂತು ಮೂರು ಸೀಟಿ ಕೂಗಿದೆನೆಂದರೆ ಆಚೆ ಒಲೆ ಆರುತ್ತಿತ್ತು. ಆಮೇಲೆ ಮುಚ್ಚಳ ತೆಗೆದು, ಕಲ್ಲಿನಂತಿರುವ ತೊಗರಿಬೇಳೆ ನೋಡಿ, 'ವೇಣೀ, ನಿನ್ನ ಗಂಟಲಿಗೆ ಬೇಳೆ ಸಿಕ್ಕಿಕೊಳ್ಳ' ಅಂತ ಅಜ್ಜಿ ಹರಸುತ್ತಿದ್ದರು. ಅವರ ಯಜಮಾನರು ಮರುಳಯ್ಯನವರು ಜಗಲಿಯಲ್ಲಿ ಕೂತು ಭುಜ ಕುಣಿಸುತ್ತ ನಗುತ್ತಿದ್ದರು. ಸದ್ದಿಲ್ಲದ ನಗು. ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಗಿತ್ತು.

ಮರುಳಯ್ಯನವರು ನಲವತ್ತು ವರ್ಷ ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರು. ಬೋರ್ಡಿನ ಮೇಲೆ ಅಂಗಡಿಯ ಹೆಸರೇ ಇರಲಿಲ್ಲ, 'ಒಂದೇ ಬೆಲೆ' ಅಂತಷ್ಟೇ ಇತ್ತು. ತಹಶೀಲ್ದಾರರ ಹೆಂಡತಿಗೂ ಗಾರೆ ಕೆಲಸದ ಹೆಂಗಸಿಗೂ ಒಂದೇ. ಊರಿನ ಮುಕ್ಕಾಲು ಅಡುಗೆಮನೆಗಳ ಪಾತ್ರೆಗಳು ಅವರ ದನಿಯಲ್ಲೇ ಮಾತಾಡುತ್ತವೆ. ದನಿ ಹೋದ ಮೇಲೆ ದನಿ ಹಾಕುವವರಿಲ್ಲ ಎಂದು ಅಂಗಡಿ ಮುಚ್ಚಿದರು. ಈಗ ಒಂದು ಸ್ಲೇಟು ಇಟ್ಟುಕೊಂಡಿರುತ್ತಾರೆ. ಸಂಜೆ ಐದಕ್ಕೆ ಟೀ ಅಂಗಡಿಯ ಕಟ್ಟೆಗೆ ಹೋಗಿ ಗೆಳೆಯರ ಜೊತೆ ಸ್ಲೇಟಿನಲ್ಲಿ ಹರಟಿ ಆರಕ್ಕೆ ಮನೆಗೆ ಬರುತ್ತಾರೆ. ಅವರಿಗೆ ಉಳಿದಿದ್ದ ಪೇಟೆ ಅಷ್ಟೇ.

ಅವರ ಹಳೆಯ ಅಂಗಡಿಯ ಎದುರಿಗೆ ಜಯಕರ್ ಎಂಬವರು ಬಂದು 'ಸಂಭ್ರಮ ಸ್ಟೀಲ್ ಭಂಡಾರ' ತೆರೆಯುವ ತಯಾರಿ ನಡೆಸಿದರು. ವಸ್ತುಗಳು ಬಾಯಿ ಬಿಡದ ಯಾವುದೋ ಊರಿನವರು. ಇಸ್ತ್ರಿ ಅಂಗಿ, ಇಸ್ತ್ರಿ ಮಾತು. ಒಂದು ದಿನ ನಮ್ಮ ಮನೆಗೇ ಬಂದರು. "ಮೇಡಂ, ಓಪನಿಂಗ್ ದಿನ ನಿಮ್ಮದೊಂದು ಪ್ರೋಗ್ರಾಂ ಬೇಕು. ಎದುರು ಅಂಗಡಿ ಯಜಮಾನರ ದನಿ ನೀವು ಮಾಡ್ತೀರಂತಲ್ಲ. ಜನಕ್ಕೆ ಹಳೇ ನೆನಪು. ಬೆಲೆ ಹೇಳೋ ತರಹ ನಾಲ್ಕು ಮಾತು, ಸಾಕು." ನನಗೂ ಖುಷಿಯಾಯಿತು. ಊರಲ್ಲಿ ಮರುಳಯ್ಯನವರ ದನಿ ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ, ಈಗ ಅವರಿಗೂ ಬರುವುದಿಲ್ಲ.

ಭಾನುವಾರ ಅಭ್ಯಾಸಕ್ಕೆ ಕರೆದರು. ಅಂಗಡಿಯಲ್ಲಿ ಬಡಗಿ ಮಂಜಾಚಾರ್ರು ಒಳಕೋಣೆಯ ಗೋಡೆಗೆ ಹಲಗೆ ಬಡಿಯುತ್ತಿದ್ದರು. ನೆಲದ ತುಂಬ ಹೊಸ ಕೊಡ, ಡಬ್ಬಿ, ಕಡಾಯಿ. ಜಯಕರ್ ಒಂದು ಹಾಳೆ ನೋಡಿ ಬೆಲೆ ಓದುವುದು, ನಾನು ಆಯಾ ಪಾತ್ರೆ ಹಿಡಿದು ಮರುಳಯ್ಯನವರ ದನಿಯಲ್ಲಿ ಹೇಳುವುದು. "ಕೈಲಿ ಹಿಡ್ಕೊಂಡು ಹೇಳಿ ಮೇಡಂ, ಆಗ ಭಾವ ಬರುತ್ತೆ" ಅಂದರು. ಮೊದಲ ಕೊಡ ಎತ್ತಿಕೊಂಡು 'ಆರುನೂರ ನಲವತ್ತು' ಅಂದೆ. ಒಳಗಿನ ಸುತ್ತಿಗೆ ನಿಲ್ಲಲಿಲ್ಲ, ಮಂಜಾಚಾರ್ರಿಗೆ ನನ್ನ ದನಿ ಕೇಳಿಸಿರಲಿಲ್ಲ. ಬೆಲೆ ಜಾಸ್ತಿಯಾಯಿತಲ್ಲ ಅನ್ನಿಸಿತು, ಆದರೆ ಅಭ್ಯಾಸಕ್ಕೆ ಬೆಲೆ ಎಷ್ಟಾದರೇನು. ಒಂದಾದ ಮೇಲೊಂದು ನೂರೈವತ್ತು ಪಾತ್ರೆಗೆ ಹೇಳಿದೆ.

ನೀವು ಕೇಳಬಹುದು, ನಮ್ಮೂರಲ್ಲಿ ಹುಟ್ಟಿದವಳಿಗೆ ಹೊಸ ಪಾತ್ರೆಯ ಮುಂದೆ ಬೆಲೆ ಹೇಳಬಾರದೆಂದು ಗೊತ್ತಿರಲಿಲ್ಲವೇ ಅಂತ. ಗೊತ್ತಿತ್ತು. ಆದರೆ ನನ್ನ ಅನುಕರಣೆಯ ದನಿ ಯಾವುದಕ್ಕೂ ಅಂಟುವುದಿಲ್ಲ ಎಂಬುದೂ ಗೊತ್ತಿತ್ತು. ಏಳನೇ ವಯಸ್ಸಿನಿಂದ ಅಂಗಡಿ ಅಂಗಡಿಗಳಲ್ಲಿ, ನೆಂಟರ ಮನೆಗಳಲ್ಲಿ ಸಿಕ್ಕ ಸಿಕ್ಕ ಲೋಟಕ್ಕೆ ಆನೆಯ ದನಿಯಲ್ಲಿ, ಮೇಷ್ಟ್ರ ದನಿಯಲ್ಲಿ ಬೆಲೆ ಹೇಳಿ ಕಿವಿಗಿಟ್ಟು ನೋಡಿದ್ದೆ. ಒಂದಕ್ಕೂ ಅಂಟಿರಲಿಲ್ಲ. ವಸ್ತುಗಳು ನಕಲು ಹಿಡಿಯುವುದಿಲ್ಲ ಎಂದು ಸಿದ್ಧಾಂತ ಮಾಡಿಬಿಟ್ಟಿದ್ದೆ, ಊರೂ ಅದನ್ನು ನಂಬಿತ್ತು. ಅವೆಲ್ಲ ಆಗಲೇ ಯಾರೋ ದನಿ ಹಾಕಿದ್ದ ವಸ್ತುಗಳು, ಎರಡನೆಯ ದನಿ ಯಾರದಾದರೂ ಅಂಟುವುದಿಲ್ಲ ಎಂಬುದು ಬಿ.ಎ. ಓದಿದ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಆ ಸಂಜೆ. ಜಯಕರ್ ಒಂದು ಲಕೋಟೆಯ ಜೊತೆ ಪುಟ್ಟ ಡಬ್ಬಿಯನ್ನೂ ಕೊಟ್ಟಿದ್ದರು. ಮನೆಗೆ ಬಂದು ಸುಮ್ಮನೆ ಕಿವಿಗಿಟ್ಟೆ. 'ನೂರ ಎಂಬತ್ತು' ಅಂದಿತು. ಮರುಳಯ್ಯನವರದೇ ದನಿ. ಈಗ ಮುಚ್ಚಿಡುವುದೇಕೆ, ಮೊದಲು ನನಗೆ ಹೆದರಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಪಾತ್ರೆಯೇ ಮೋಸಹೋಗಿದೆ ಎಂದರೆ ನಾನೆಂಥ ಕಲಾವಿದೆ. ಹೆದರಿಕೆ ಆಮೇಲೆ, ಕಾಫಿ ಕುಡಿದ ಮೇಲೆ ಬಂತು.

ಬುಧವಾರ ಅಂಗಡಿ ತೆರೆಯಿತು. ನನ್ನ ಪ್ರೋಗ್ರಾಂ ಇರಲೇ ಇಲ್ಲ. 'ಟೈಂ ಆಗಲ್ಲ ಮೇಡಂ' ಅಂದರು. ಬಾಗಿಲಿಗೆ ಆಳುದ್ದದ ಬೋರ್ಡು: 'ಹಳೆಯ ಬೆಲೆ ಕಿವಿಯಲ್ಲಿ, ಹೊಸ ಬೆಲೆ ಚೀಟಿಯಲ್ಲಿ. ಅರ್ಧಕ್ಕರ್ಧ! ಇಂದೇ ಕೊನೆ.' ಜನ ಕೊಡ ಎತ್ತಿ ಕಿವಿಗಿಟ್ಟರೆ ಮರುಳಯ್ಯನವರು 'ಆರುನೂರ ನಲವತ್ತು' ಅನ್ನುತ್ತಾರೆ. ಚೀಟಿಯಲ್ಲಿ ಮುನ್ನೂರ ಇಪ್ಪತ್ತು. ಮೂರು ವರ್ಷದಿಂದ ಬಾಯಿಲ್ಲದವರ ದನಿ ಪಾತ್ರೆಯಲ್ಲಿದೆ ಎಂದರೆ ಅದು ಅವರ ಅಂಗಡಿಯ ಹಳೇ ಸರಕೇ ಇರಬೇಕು ಎಂದು ಜನರೇ ಲೆಕ್ಕ ಹಾಕಿಕೊಂಡರು. ಜಯಕರ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ನಗುತ್ತ ನಿಂತಿದ್ದರು. ನಮ್ಮಮ್ಮನೂ ಒಂದು ಕೊಡ ಹೊತ್ತುಕೊಂಡು ಬಂದಳು. "ಯಜಮಾನರ ಬಾಯಲ್ಲೇ ಕೇಳಿದೆ ಕಣೇ, ಅರ್ಧಕ್ಕೆ ಸಿಕ್ತು" ಅಂದಳು. ನಾನು ಕೊಡದ ಕಡೆ ನೋಡದೆ ಊಟ ಮಾಡಿದೆ.

ಗುರುವಾರ ಬೆಳಿಗ್ಗೆ ಆ ಬೋರ್ಡಿನ ಕೆಳಗೆ ಹಾದುಹೋದೆ. 'ಇಂದೇ ಕೊನೆ' ಅಲ್ಲೇ ಇತ್ತು. ಶುಕ್ರವಾರವೂ ಇತ್ತು. ಆದರೆ ಶುಕ್ರವಾರದ ಹೊತ್ತಿಗೆ ಇನ್ನೊಂದು ಮಾತು ಬೀದಿಯಲ್ಲಿ ಓಡಾಡತೊಡಗಿತ್ತು. ನಾಲ್ಕು ವರ್ಷದ ಹಿಂದೆ ಮರುಳಯ್ಯನವರ ಹತ್ತಿರವೇ ಇಂಥದೇ ಕೊಡ ಕೊಂಡಿದ್ದವರು ಮನೆಗೆ ಹೋಗಿ ಅದನ್ನು ಕಿವಿಗಿಟ್ಟು ನೋಡಿದ್ದರು. ಅದು 'ಮುನ್ನೂರು' ಅನ್ನುತ್ತದೆ. ಇದು 'ಆರುನೂರ ನಲವತ್ತು' ಅನ್ನುತ್ತದೆ. ಅದೇ ಬಾಯಿ, ಅದೇ ಕೊಡ, ಎರಡು ಬೆಲೆ. ಅರ್ಧ ಬೆಲೆಗೆ ತಂದೆವೆಂದು ಹಿಗ್ಗಿದವರು ಹಳೇ ಪೂರ್ತಿ ಬೆಲೆಗಿಂತ ಇಪ್ಪತ್ತು ರೂಪಾಯಿ ಹೆಚ್ಚೇ ಕೊಟ್ಟಿದ್ದರು. ಆದರೆ ಸಿಟ್ಟು ಹೊಸ ಅಂಗಡಿಯ ಮೇಲೆ ತಿರುಗಲಿಲ್ಲ. ಅಂದು ಸಂಜೆ ಮರುಳಯ್ಯನವರು ಕಟ್ಟೆಗೆ ಹೋದಾಗ ಯಾರೂ ಸರಿದು ಜಾಗ ಕೊಡಲಿಲ್ಲವಂತೆ. ಒಬ್ಬ, "ಏನ್ ಯಜಮಾನ್ರೇ, ಬೋರ್ಡಲ್ಲಿ ಒಂದೇ ಬೆಲೆ, ಬಾಯಲ್ಲಿ ಎರಡಾ?" ಅಂದನಂತೆ. ಅವರು ಸ್ಲೇಟು ತೆಗೆದು ಏನೋ ಬರೆದರೆ ಓದುವುದಕ್ಕೆ ಯಾರೂ ಬಗ್ಗಲಿಲ್ಲವಂತೆ. ಐದಕ್ಕೆ ಹೋದವರು ಐದೂಹತ್ತಕ್ಕೆ ವಾಪಸು ಬಂದದ್ದನ್ನು ನಾನೇ ಕಿಟಕಿಯಿಂದ ನೋಡಿದೆ. ಸ್ಲೇಟನ್ನು ಎದೆಗೆ ಒತ್ತಿಹಿಡಿದಿದ್ದರು, ಬರೆದದ್ದು ಒಳಗಡೆಗೆ ಬರುವ ಹಾಗೆ.

ಹೇಳಿಬಿಡಬೇಕು ಅಂದುಕೊಂಡೆ. ಅವರ ಮನೆಯ ಗೇಟಿನವರೆಗೆ ಹೋದೆ ಕೂಡ. ಆದರೆ ಹೇಳುವುದು ಯಾರ ದನಿಯಲ್ಲಿ? ಹತ್ತು ಜನರ ದನಿ ನನ್ನ ಗಂಟಲಲ್ಲಿದೆ, ನಾನೇ ಮಾತಾಡಬೇಕಾದಾಗ ಒಂದೂ ಹೊರಡಲಿಲ್ಲ. ಇಷ್ಟರ ಮೇಲೆ ಊರಿನವರಿಗೆ ಗೊತ್ತಾದರೆ ಇನ್ನು ಯಾರ ಮದುವೆಮನೆಗೆ ನನ್ನನ್ನು ಕರೆಯುತ್ತಾರೆ? ಯಾವ ಅಂಗಡಿ ನನ್ನನ್ನು ಮೆಟ್ಟಿಲು ಹತ್ತಿಸುತ್ತದೆ? ಗೇಟಿನಿಂದ ವಾಪಸಾದೆ.

ಶನಿವಾರ ಮಂಗಳಜ್ಜಿಯೇ ಕರೆದರು. "ವೇಣೀ, ಪೇಟೆಗೆ ಬಾರೇ ನನ್ನ ಜೊತೆ. ಓಲೆ ಹಿಡ್ಕೊಳ್ಳೋಕೆ ಒಬ್ಬರು ಬೇಕು, ಇವರು ಜಗಲಿ ಬಿಟ್ಟು ಏಳ್ತಿಲ್ಲ." ಸಂಭ್ರಮ ಭಂಡಾರದ ಮೆಟ್ಟಿಲಲ್ಲಿ ಅಜ್ಜಿ ಓಲೆ ಬಿಚ್ಚಿ ನನ್ನ ಅಂಗೈಗಿಟ್ಟರು. ಬೆಚ್ಚಗಿತ್ತು. ಬೋರ್ಡಿನ ಮುಂದೆ ನಿಂತು, 'ಇಂದೇ ಕೊನೆ' ಎಂಬಲ್ಲಿ ಉಗುರಿನಿಂದ ಕೆರೆದರು. "ಎನಾಮಲ್ ಪೇಂಟು" ಅಂದರು. "ಒಂದು ದಿನದ ಮಾತಿಗೆ ಸುಣ್ಣದ ಕಡ್ಡಿ ಸಾಕು. ಹತ್ತು ವರ್ಷ ಬಾಳೋ ಬಣ್ಣದಲ್ಲಿ ಯಾರೇ ಬರೀತಾರೆ ಇವತ್ತು ಅಂತ?"

ಒಳಗೆ ಹತ್ತಿಪ್ಪತ್ತು ಜನ ಇದ್ದರು. ಅಜ್ಜಿಯನ್ನು ನೋಡಿ ಮಾತು ತಗ್ಗಿತು. ಅವರು ಸಾಲಿನ ಮೊದಲ ಕೊಡ ಎತ್ತಿ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆಗೆಯಲೇ ಇಲ್ಲ. ಮೂರು ವರ್ಷದಿಂದ ಗಂಡನ ದನಿಯಲ್ಲಿ ಹೊಸದೊಂದು ಮಾತು ಕೇಳದ ಹೆಂಗಸು. ಓಲೆಯ ತಿರುಪು ನನ್ನ ಮುಷ್ಟಿಯಲ್ಲಿ ಚುಚ್ಚುತ್ತಿತ್ತು. ಅಜ್ಜಿ ಅತ್ತರೆ ನಾನೂ ಅತ್ತು ಎಲ್ಲ ಹೇಳಿಬಿಡುವುದೆಂದು ನಿರ್ಧರಿಸಿದೆ. ಅವರು ಅಳಲಿಲ್ಲ. ಕೊಡ ಇಳಿಸಿ ಎರಡನೆಯದು ಎತ್ತಿದರು. ಮೂರನೆಯದು. ಒಂದು ಡಬ್ಬಿ. ಒಂದು ಕಡಾಯಿ.

"ಇಲ್ಲಿ ಬಾಮ್ಮ" ಅಂತ ಪಕ್ಕದಲ್ಲಿದ್ದ ಹೆಂಗಸನ್ನು ಕರೆದರು. "ಇದನ್ನ ಕೇಳು. ಅಂಕಿ ಕೇಳಬೇಡ. ಅಂಕಿಯ ಹಿಂದೆ ಏನಿದೆ ಕೇಳು."

ಆಕೆ ಕೇಳಿದಳು. "ಏನೋ ಕುಟ್ಟೋ ಸದ್ದು ಅಜ್ಜಿ. ಟಕ್ ಟಕ್ ಅಂತ."

"ಈ ಡಬ್ಬೀಲಿ?"

"ಇದರಲ್ಲೂ ಅದೇ."

"ನಿನ್ನ ಕೈಲಿರೋದು?"

ಒಬ್ಬೊಬ್ಬರೇ ತಮ್ಮ ತಮ್ಮ ಕೈಯಲ್ಲಿದ್ದದ್ದನ್ನು ಕಿವಿಗಿಟ್ಟುಕೊಂಡರು. ಅಂಗಡಿ ತುಂಬ ಜನ ಕಿವಿಗೆ ಪಾತ್ರೆ ಹಿಡಿದು ಸುಮ್ಮನೆ ನಿಂತಿದ್ದರು. "ನಂದರಲ್ಲೂ ಸುತ್ತಿಗೆ." "ನನ್ನ ತಟ್ಟೇಲೂ." ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಜಗಲಿಯಲ್ಲಿ ಕೂತು ಬೇಳೆ ಆರಿಸುವಾಗಿನ ಅದೇ ದನಿಯಲ್ಲಿ ಹೇಳಿದರು. "ಒಂದು ಅಂಗಡೀಲಿ ಇವತ್ತು ಕೊಡ ಬರುತ್ತೆ, ಬರೋ ತಿಂಗಳು ಡಬ್ಬಿ ಬರುತ್ತೆ. ದನಿ ಹಾಕುವಾಗ ಒಂದರ ಹಿಂದೆ ಮಳೆ ಇರುತ್ತೆ, ಒಂದರ ಹಿಂದೆ ಮೆರವಣಿಗೆ ಇರುತ್ತೆ, ಒಂದರ ಹಿಂದೆ ನನ್ನ ಬೈಗುಳ ಇರುತ್ತೆ. ನಿಮ್ಮ ಮನೇಲಿರೋ ಹಳೇ ಪಾತ್ರೆ ಕೇಳಿ ನೋಡಿ. ಎಲ್ಲದರ ಹಿಂದೂ ಒಂದೇ ಸದ್ದು ಅಂದ್ರೆ ಎಲ್ಲದಕ್ಕೂ ಒಂದೇ ಮಧ್ಯಾಹ್ನ ಕೂತು ಬೆಲೆ ಹೇಳಿದ್ದಾರೆ. ಆ ಬೆಲೆಗೆ ಇದನ್ನ ಯಾರು ಕೊಂಡಿದ್ರು, ಹೇಳಿ? ಆರುನೂರ ನಲವತ್ತು ಕೊಟ್ಟು ತಗೊಂಡೋರು ಈ ಊರಲ್ಲಿ ಒಬ್ಬರು ಇದ್ರೆ ಕೈ ಎತ್ತಿ. ಯಾರೂ ಕೊಡದ ಬೆಲೆಯಲ್ಲಿ ಅರ್ಧ ಇಳಿಸಿದ್ರೆ ಇಳಿದಿದ್ದು ಏನು?"

ಕೈ ಏಳಲಿಲ್ಲ. ಆದರೆ ಹಿಂದಿನಿಂದ ಒಂದು ಕಡಾಯಿ ನೆಲಕ್ಕೆ ಬಿತ್ತು. ನೋಡಿದರೆ ಮಂಜಾಚಾರ್ರು, ಜೊತೆಗೆ ಅವರ ಹೆಂಡತಿ. ಹಬ್ಬಕ್ಕೆ ಕಡಾಯಿ ಕೊಳ್ಳಲು ಬಂದವರು. "ಇದರಲ್ಲಿ ಟಕ್ ಟಕ್ ಆದ ಮೇಲೆ 'ಅಯ್ಯಪ್ಪಾ ನನ್ ಬೆರಳು' ಅಂತ ಕೇಳ್ತದೆ" ಅಂದರು. ಮುಖ ಬಿಳುಚಿತ್ತು. "ಅದು ನಾನೇ."

"ನೀವೇ ಅಂದ್ರೆ?"

ಮಂಜಾಚಾರ್ರು ಬಟ್ಟೆ ಸುತ್ತಿದ ಹೆಬ್ಬೆರಳು ಎತ್ತಿ ತೋರಿಸಿದರು. "ಹೋದ ಭಾನುವಾರ. ಇಲ್ಲೇ, ಒಳಕೋಣೆಗೆ ಹಲಗೆ ಹೊಡೆಯುವಾಗ. ಅಂಗಡಿ ಇನ್ನೂ ತೆರೆದಿರಲಿಲ್ಲ." ಅವರ ಹೆಂಡತಿ ಕಡಾಯಿ ಎತ್ತಿ ಕಿವಿಗಿಟ್ಟು, "ಇವರೇ. ಮನೇಲೂ ಹಿಂಗೇ ಅರಚಿಕೊಳ್ಳೋದು" ಅಂದರು. ಯಾರೋ ನಕ್ಕರು. ನಗು ಅಲ್ಲಿಗೇ ನಿಂತಿತು, ಏಕೆಂದರೆ ಮುಂದಿನ ಪ್ರಶ್ನೆ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಹೋದ ಭಾನುವಾರ ದನಿ ಹಾಕಿದ್ದಾದರೆ, ಈ ದನಿ ಯಾರದು? "ಹಂಗಾದ್ರೆ ಯಜಮಾನರಿಗೆ ದನಿ ಬಂದಿದೆ" ಅಂದ ಒಬ್ಬ. "ಬಂದಿರೋದನ್ನ ಮುಚ್ಚಿಟ್ಟು, ಇಲ್ಲಿ ಬಂದು ಮಾರಿಕೊಂಡಿದ್ದಾರೆ." ಇನ್ನೊಬ್ಬಳು ಅಜ್ಜಿಯ ಕಡೆ ತಿರುಗಿ, "ಎಷ್ಟು ಕೊಟ್ರಮ್ಮಾ ನಿಮ್ಮ ಯಜಮಾನರಿಗೆ?" ಅಂದಳು. ಅಜ್ಜಿಯ ಬರಿಗಿವಿ ಕೆಂಪಾಯಿತು. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಸುಳ್ಳು ಹೇಳುತ್ತಿದ್ದೆ.

ನಾನು ಒಂದು ಕೊಡ ಎತ್ತಿಕೊಂಡು, ಅಂಗಡಿಯ ನಡುವೆ ನಿಂತು, ಮರುಳಯ್ಯನವರ ದನಿಯಲ್ಲಿ, "ಆರುನೂರ ನಲವತ್ತು" ಅಂದೆ.

ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪ್ರೋಗ್ರಾಂ ಮಾಡಿಲ್ಲ. ಚಪ್ಪಾಳೆ ಮಾತ್ರ ಬೀಳಲಿಲ್ಲ. ಆಮೇಲೆ ನನ್ನದೇ ದನಿಯಲ್ಲಿ ಉಳಿದದ್ದನ್ನೆಲ್ಲ ಹೇಳಿದೆ. ಭಾನುವಾರ, ಹಾಳೆ, ಲಕೋಟೆ, ಡಬ್ಬಿ, ನನ್ನ ಸಿದ್ಧಾಂತ, ಗೇಟಿನಿಂದ ವಾಪಸಾದದ್ದು. ನನ್ನ ದನಿ ಇಷ್ಟು ತೆಳುವೆಂದು ನನಗೆ ಗೊತ್ತಿರಲಿಲ್ಲ. ಜನ ಬೈಯುವುದಕ್ಕೆ ಶುರುಮಾಡಿದಾಗ ನಾನು ನಿರಾಳವಾಗಿ ಉಸಿರು ಬಿಡುತ್ತಿದ್ದೆ.

"ಅಭ್ಯಾಸ ಅಂತಾನೇ ಹೇಳಿದ್ದು ನಾನು" ಅಂದರು ಜಯಕರ್. ಆಮೇಲೆ ಅವರೇ ಮುಂದುವರಿಸಿದರು. "ಅಂಟಿದ್ರೆ ಅಂಟಲಿ ಅಂದುಕೊಂಡೆ, ಸುಳ್ಳು ಯಾಕೆ. ನಮ್ಮ ಕಡೆ ಚೀಟೀಲಿ ದೊಡ್ಡ ಅಂಕಿ ಬರೆದು ಅದರ ಮೇಲೆ ಕೆಂಪು ಗೀಟು ಎಳೀತೀವಿ. ಆ ಅಂಕಿಗೆ ಯಾವತ್ತಾದ್ರೂ ಮಾರಿದ್ಯಾ ಅಂತ ಯಾರೂ ಕೇಳಲ್ಲ. ಗೀಟು ನೋಡಿದ್ರೆ ಸಾಕು, ಜನಕ್ಕೆ ಖುಷಿ. ಇಲ್ಲಿ ಚೀಟಿ ಯಾರೂ ನೋಡಲ್ಲ ಅಂದ್ರು, ಅದಕ್ಕೆ."

"ನಾವೂ ಹಂಗೇ ಖುಷಿಪಟ್ವಲ್ಲ" ಅಂದರು ಮಂಜಾಚಾರ್ರ ಹೆಂಡತಿ. ಅದು ನಿಜವಾಗಿತ್ತು. ಆ ಮಾತಿನಿಂದ ಗಲಾಟೆ ಅರ್ಧಕ್ಕರ್ಧ ಇಳಿಯಿತು. ಈ ಸಲದ್ದು ನಿಜವಾದ ಇಳಿಕೆ. ಜಯಕರ್ ಏಣಿ ತರಿಸಿ ಬೋರ್ಡು ಇಳಿಸಿದರು. ತಂದವರೆಲ್ಲ ಪಾತ್ರೆ ವಾಪಸು ಕೊಡಬಹುದು ಅಂದರು. ಯಾರೂ ಅಷ್ಟಾಗಿ ಕೊಡಲಿಲ್ಲ, ಇಪ್ಪತ್ತು ಇಪ್ಪತ್ತು ರೂಪಾಯಿ ವಾಪಸು ಇಸಿದುಕೊಂಡು ಹೋದರು. ಆ ಕೊಡಗಳು ಸಾಯುವ ತನಕ 'ಆರುನೂರ ನಲವತ್ತು' ಅನ್ನುತ್ತಲೇ ಇರುತ್ತವೆ, ಏನೂ ಮಾಡುವ ಹಾಗಿಲ್ಲ. ಊರಲ್ಲಿ ಅವಕ್ಕೆ ಸುತ್ತಿಗೆ ಕೊಡ ಎಂದೇ ಹೆಸರು ಬಿದ್ದಿದೆ. ಹೆಣ್ಣುಮಕ್ಕಳು ಪೇಟೆಗೆ ಹೊರಡುವ ಮೊದಲು ಮನೆಯಲ್ಲಿ ಅದನ್ನು ಕಿವಿಗಿಟ್ಟು, ಅಂಕಿಯ ಹಿಂದೆ ಕೇಳುವುದನ್ನು ಕಲಿಸುತ್ತಾರೆ. ನಾನು ಅದಕ್ಕೆ ಕೊಡದ ಕೊಡುಗೆ ಅನ್ನುತ್ತೇನೆ. ಈಗ ಯಾರೂ ನಗುವುದಿಲ್ಲ, ಆದರೂ ಅನ್ನುತ್ತೇನೆ.

ಅಂಗಡಿಯಿಂದ ಹೊರಗೆ ಬಂದು ಓಲೆ ವಾಪಸು ಕೊಟ್ಟೆ. ಅಂಗೈಯಲ್ಲಿ ಅದರ ಗುರುತು ಮೂಡಿತ್ತು. ಅಜ್ಜಿ ಅದನ್ನು ಹಾಕಿಕೊಳ್ಳುತ್ತ, "ಈಗ ಮನೆಗೆ ಬಾ. ಅವರ ಎದುರು ಹೇಳು" ಅಂದರು.

ಮರುಳಯ್ಯನವರು ಜಗಲಿಯಲ್ಲೇ ಇದ್ದರು. ಸುದ್ದಿ ನಮಗಿಂತ ಮೊದಲೇ ಮನೆ ತಲುಪಿತ್ತು. ನಿನ್ನೆ ಜಾಗ ಕೊಡದಿದ್ದ ಗೆಳೆಯರಲ್ಲಿ ಇಬ್ಬರು ಬಂದು ಕೂತಿದ್ದರು, ಟೀ ಅಂಗಡಿಯಿಂದ ತಂದ ಲೋಟ ಅವರ ಕೈಗೆ ಕೊಟ್ಟು. ಅಜ್ಜಿ ಒಳಗೆ ಹೋಗಿ ಒಲೆ ಹಚ್ಚಿ ಬೇಳೆ ಇಟ್ಟು ಬಂದರು. ನಾನು ಕಾಲಿಗೆ ಬೀಳಲು ಹೋದರೆ ಯಜಮಾನರು ಸ್ಲೇಟು ಅಡ್ಡ ಹಿಡಿದರು. ಅದರಲ್ಲಿ 'ಹೇಳು' ಎಂದು ಬರೆದಿತ್ತು. "ಏನು ಹೇಳಲಿ ಅಜ್ಜಾ?" ಗಂಟಲು ಮುಟ್ಟಿ ತೋರಿಸಿದರು. ನಾನು ಅವರ ದನಿಯಲ್ಲಿ 'ಆರುನೂರ ನಲವತ್ತು' ಅಂದೆ. ಅವರು ಕಣ್ಣು ಮುಚ್ಚಿ ತಲೆ ಓರೆಮಾಡಿ ಕೇಳಿದರು. ಇನ್ನೊಂದು ಸಲ, ಅಂತ ಬೆರಳು ತೋರಿಸಿದರು. ಇನ್ನೊಂದು ಸಲ ಅಂದೆ. ಸ್ಲೇಟು ಒರೆಸಿ ಬರೆದರು: 'ಕೆಮ್ಮು ಎಲ್ಲಿ?'

ಮಂಗಳಜ್ಜಿ ಗಟ್ಟಿಯಾಗಿ ನಕ್ಕರು. "ಬೆಲೆ ಹೇಳೋಕೆ ಮುಂಚೆ ಇವರು ಸಣ್ಣಗೆ ಕೆಮ್ತಿದ್ರು ಕಣೇ. ನಲವತ್ತು ವರ್ಷ ಅಂಗಡಿ ಇಟ್ರೂ ಇನ್ನೊಬ್ಬರ ಹತ್ರ ದುಡ್ಡು ಕೇಳೋಕೆ ನಾಚಿಕೆ ಹೋಗಲಿಲ್ಲ. ಊರಿನ ಪ್ರತಿ ಪಾತ್ರೇಲೂ ಆ ಕೆಮ್ಮಿದೆ, ಎಲ್ಲರೂ ಅಂಕಿ ಕೇಳಿ ಕೆಳಗಿಡ್ತಾರೆ."

"ಹಾಗಾದ್ರೆ ನಿಮಗೆ ಮೊದಲನೇ ಕೊಡದಲ್ಲೇ ಗೊತ್ತಾಯ್ತಾ?"

"ಮೊದಲನೇ ಕೊಡದಲ್ಲೇ. ಆದರೆ ಹೆಂಡತಿ ಮಾತು ಯಾರು ನಂಬ್ತಾರೆ? ಊರಿಗೆ ಸುತ್ತಿಗೆ ಬೇಕಿತ್ತು."

"ಮತ್ತೆ ಅಷ್ಟು ಹೊತ್ತು ಯಾಕೆ ಕೇಳ್ತಾ ನಿಂತ್ರಿ?"

ಅಜ್ಜಿ ಓಲೆಯ ತಿರುಪು ಬಿಗಿ ಮಾಡಿಕೊಂಡರು. ಯಜಮಾನರು ಅವರನ್ನೇ ನೋಡಿದರು, ಆಮೇಲೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ತಾಮ್ರದ ತಂಬಿಗೆ. ಅಂಗಡಿ ಮುಚ್ಚಿದ ದಿನ ಕೊನೆಯ ಕಟ್ಟಿನಲ್ಲಿ ಉಳಿದದ್ದು, ದನಿ ಹಾಕಲು ಆಗದೆ ಬಿಟ್ಟದ್ದು. ಕಿವಿಗಿಟ್ಟರೆ ಬರೀ ಮೌನ. ಅದನ್ನು ನನ್ನ ಕೈಗಿಟ್ಟು ಸ್ಲೇಟಿನಲ್ಲಿ ಬರೆದರು: 'ಹಾಕು.' ಕೆಳಗೆ ಇನ್ನೂ ಒಂದು ಸಾಲು ಬರೆದು, ಅಜ್ಜಿಗೆ ಕಾಣದಂತೆ ನನ್ನ ಕಡೆ ತಿರುಗಿಸಿದರು.

ನಾನು ತಂಬಿಗೆ ಹತ್ತಿರ ಹಿಡಿದುಕೊಂಡೆ. ಮೊದಲು ಸಣ್ಣಗೆ ಕೆಮ್ಮಿದೆ. ಆಮೇಲೆ ಅವರ ದನಿಯಲ್ಲಿ, ಸ್ಲೇಟಿನಲ್ಲಿದ್ದಷ್ಟನ್ನೇ ಹೇಳಿದೆ: "ಇದು ಮಾರೋದಲ್ಲ, ಮಂಗಳಂಗೆ ಇಟ್ಟಿರೋದು."

ಯಜಮಾನರು ಅಂಗೈ ಚಾಚಿದರು. ಅಜ್ಜಿ ಬಲಗಿವಿಯ ಓಲೆ ಬಿಚ್ಚಿ ಅದರಲ್ಲಿಟ್ಟು ತಂಬಿಗೆ ಎತ್ತಿಕೊಂಡರು. ಒಂದು ಸಲ ಕೇಳಿದರು, ಎರಡು ಸಲ ಕೇಳಿದರು, ಗೋಡೆಗೆ ಒರಗಿ ಕೂತು ಕೇಳಿದರು. ಬಹಳ ಹೊತ್ತಿನ ಮೇಲೆ ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಹಿಂದೆ ಕುಕ್ಕರ್ ಕೂಗಿದ್ದೂ ಸೇರ್ಕೊಂಡಿದೆ. ನಿಂದೇ ತಾನೆ ಅದು?"

"ಅಲ್ಲ ಅಜ್ಜಿ. ನಿಮ್ಮ ಒಲೆ ಮೇಲಿರೋದೇ. ಆಗಲೇ ಆರು ಕೂಗು ಆಯ್ತು."

"ಸುಮ್ನಿರೇ. ನಿನ್ನ ಯಾರು ನಂಬ್ತಾರೆ" ಅಂದು ಮತ್ತೆ ತಂಬಿಗೆ ಕಿವಿಗಿಟ್ಟುಕೊಂಡರು.

ಒಳಗಿನಿಂದ ಸೀದ ವಾಸನೆ ಬಂತು. ಮರುಳಯ್ಯನವರು ಒಂದು ಕೈಯಲ್ಲಿ ಓಲೆ ಹಿಡಿದುಕೊಂಡು, ಇನ್ನೊಂದರಲ್ಲಿ ಸ್ಲೇಟಿನ ತುಂಬ ದೊಡ್ಡದಾಗಿ 'ಬೇಳೆ' ಎಂದು ಬರೆದು ತಲೆಯ ಮೇಲೆ ಎತ್ತಿ ಹಿಡಿದಿದ್ದರಂತೆ. ಭುಜ ಕುಣಿಯುತ್ತಿತ್ತಂತೆ. ಆ ಗೆಳೆಯರು ಆಮೇಲೆ ಹೇಳಿದ್ದು. ನಾನಾಗಲಿ ಅಜ್ಜಿಯಾಗಲಿ ಆ ಕಡೆ ನೋಡುತ್ತಿರಲಿಲ್ಲ.